ಅದೇ ಟೇಬಲ್, ಅದೇ ಕ್ಯೂಆರ್ ಕೋಡ್

1/10

ಫೋಟೋದಲ್ಲಿ ಇರೋದು ನಮ್ಮ ಕ್ಯಾಂಟೀನ್ ಎದುರಿನ ಟೇಬಲ್. ನಮ್ಮ ಕಾಲೇಜಿನವರಿಗೆ ನೋಡಿದ ಕೂಡಲೇ ಗೊತ್ತಾಗುತ್ತೆ. ಒಂದು ನೀಲಿ ಬಟ್ಟೆ, ಒಂದು ಸ್ಟೀಲ್ ಡಬ್ಬ, ಎನ್ನೆಸ್ಸೆಸ್ ಖಾತೆಯ ಕ್ಯೂಆರ್ ಕೋಡ್. ಈ ಟೇಬಲ್ ಹಿಂದೆ ನಾನು ಎರಡು ಸಲ ಕೂತಿದ್ದೇನೆ. ಆ ಎರಡು ಸಲದ ಲೆಕ್ಕ ಹೇಳೋಕೇ ಈ ಸರಣಿ. ಉದ್ದ ಇದೆ, ಟೀ ಕುಡೀತಾ ಓದಿ.

ಮೊದಲನೇ ಸಲ 2024ರ ಆಗಸ್ಟ್. ಜುಲೈ 30ರ ಬೆಳಗಿನ ಜಾವ ವಯನಾಡಿನಲ್ಲಿ ಗುಡ್ಡ ಕುಸಿದು ಮುಂಡಕ್ಕೈ, ಚೂರಲ್‌ಮಲದ ಮನೆಗಳು ಕೊಚ್ಚಿಹೋಗಿದ್ದವು. ನಾವು ಆರು ಜನ ಸೇರಿ ಟೇಬಲ್ ಹಾಕಿದ್ವಿ. ಎರಡು ದಿನದಲ್ಲಿ ₹38,400 ಆಯ್ತು. ಊಟದ ದುಡ್ಡು ಹಾಕಿದವರಿದ್ದರು. ಆಫೀಸಿನ ಅಟೆಂಡರ್ ಬಂದು ಮಡಚಿದ ಐನೂರರ ನೋಟು ಹಾಕಿ ಮಾತಾಡದೆ ಹೋದರು. ಕೇರಳದವರಿಗೆ ಯಾಕೆ ಕೊಡಬೇಕು ಅಂತ ಒಬ್ಬರೂ ಕೇಳಲಿಲ್ಲ.

ಎರಡನೇ ಸಲ, ಆರು ತಿಂಗಳಾದ ಮೇಲೆ, ಫೆಬ್ರವರಿಯಲ್ಲಿ. ಕಾಲೇಜಿನಿಂದ ಎರಡು ಕಿಲೋಮೀಟರ್ ದೂರದಲ್ಲಿ ಅಪಾರ್ಟ್‌ಮೆಂಟ್ ಕೆಲಸಕ್ಕೆ ಬಂದವರ ತಗಡಿನ ಶೆಡ್‌ಗಳಿವೆ. ಅಲ್ಲಿನ ಮಕ್ಕಳಿಗೆ ಒಂದು ಸಣ್ಣ ಸಂಸ್ಥೆ ಸಂಜೆ ಶಾಲೆ ನಡೆಸುತ್ತೆ. ಹತ್ತೊಂಬತ್ತು ಮಕ್ಕಳು, ಒಬ್ಬರೇ ಟೀಚರ್. ಟೀಚರ್ ಸಂಬಳಕ್ಕೆ ದುಡ್ಡಿಲ್ಲದೆ ಶಾಲೆ ನಿಲ್ಲೋ ಹಾಗಾಗಿತ್ತು. ಅದೇ ಟೇಬಲ್, ಅದೇ ಡಬ್ಬ, ಅದೇ ಕ್ಯೂಆರ್ ಕೋಡ್, ಮುಂದೆ ಓಡಾಡೋ ಜನವೂ ಅವರೇ.

ಮೂರು ದಿನದಲ್ಲಿ ಆದದ್ದು ₹3,150.

ಇನ್ನೂರು ಕಿಲೋಮೀಟರ್‌ಗಿಂತ ದೂರದ ವಯನಾಡು ನಮಗೆ ಹತ್ತಿರ ಆಯ್ತು, ಎರಡು ಕಿಲೋಮೀಟರ್ ದೂರದ ಶೆಡ್ ದೂರ ಆಯ್ತು. ಯಾಕೆ?

2/10

ಮೊದಲೇ ಹೇಳಿಬಿಡ್ತೀನಿ. ನನ್ನ ಕ್ಲಾಸ್‌ಮೇಟ್ಸ್‌ಗೆ ಕರುಣೆ ಇಲ್ಲ ಅಂತ ನಾನು ಬರೀತಿಲ್ಲ. ಅವರಿಗೆ ಕರುಣೆ ಇದೆ ಅನ್ನೋದಕ್ಕೆ ಆ ₹38,400 ಸಾಕ್ಷಿ. ದುರಂತ ಒಂದೇ ರಾತ್ರಿ ಆದರೆ ಕೈ ಬೇಗ ಜೇಬಿಗೆ ಹೋಗುತ್ತೆ, ದಿನಾ ಇರೋ ಕಷ್ಟಕ್ಕೆ ಹೋಗಲ್ಲ, ಅದೂ ನಿಜ. ಆದರೆ ಅಷ್ಟೇ ಆಗಿದ್ರೆ ಜನ ಸುಮ್ಮನೆ ಮುಂದೆ ಹೋಗ್ತಿದ್ರು. ಅವರು ನಿಂತು ಪ್ರಶ್ನೆ ಕೇಳಿದ್ರು. ಆ ಪ್ರಶ್ನೆಗಳನ್ನ ನಾನು ನೋಟ್‌ಬುಕ್ ಹಿಂದಿನ ಪುಟದಲ್ಲಿ ಬರೆದಿಟ್ಟೆ. ಈ ಫೋಟೋ ಅದರದ್ದೇ, ಅಕ್ಷರ ಚೆನ್ನಾಗಿಲ್ಲ, ಕ್ಷಮಿಸಿ.

“ಯಾವ ಊರಿನವರು?”

“ಕನ್ನಡ ಬರುತ್ತಾ ಅವರಿಗೆ?”

“ಬಾಂಗ್ಲಾದವರು ಅಲ್ಲ ತಾನೇ? ಆಧಾರ್ ನೋಡಿದ್ದೀರಾ?”

“ಅವರಿಗೆ ದಿನಕ್ಕೆ ಒಳ್ಳೆ ಕೂಲಿ ಉಂಟು ಮಾರಾಯ್ತಿ, ನಮಗಿಂತ ಜಾಸ್ತಿ.”

“ನಾವು ಸಹಾಯ ಮಾಡಿದ್ರೆ ಇನ್ನೂ ಜನ ಬರ್ತಾರೆ.”

“ಇಲ್ಲಿ ಯಾಕೆ? ನಮ್ಮ ಉತ್ತರ ಕರ್ನಾಟಕದ ಮಕ್ಕಳಿಗೆ ಕೊಡಿ, ನಾನೂ ಕೊಡ್ತೇನೆ.”

ಇದರಲ್ಲಿ ಒಂದೇ ಒಂದು ಪ್ರಶ್ನೆಯೂ ಶಾಲೆ ಬಗ್ಗೆ ಇಲ್ಲ. ಮಕ್ಕಳು ಏನು ಕಲೀತಾರೆ, ಟೀಚರ್‌ಗೆ ಎಷ್ಟು ಕೊಡಬೇಕು, ದುಡ್ಡಿನ ಲೆಕ್ಕ ಯಾರು ಇಡ್ತಾರೆ? ಕೇಳಬೇಕಾದ ಪ್ರಶ್ನೆಗಳು ಇವು. ಯಾರೂ ಕೇಳಲಿಲ್ಲ. ಕೇಳಿದ್ದೆಲ್ಲ ‘ಅವರು ಯಾರು’ ಅನ್ನೋದೇ.

ವಯನಾಡಿಗೆ ಡಬ್ಬ ಇಟ್ಟಾಗ ಅಲ್ಲಿನವರ ಆಧಾರ್ ಯಾರೂ ಕೇಳಿರಲಿಲ್ಲ. ಅಲ್ಲಿನ ಎಸ್ಟೇಟ್‌ಗಳಲ್ಲೂ ಹೊರ ರಾಜ್ಯದಿಂದ ಬಂದು ದುಡಿಯೋರು ಇದ್ದಾರೆ. ಅದು ನಮ್ಮ ತಲೆಗೆ ಬರಲೇ ಇಲ್ಲ. ತಮ್ಮ ಊರಲ್ಲಿ ತಮ್ಮ ಮನೆಯಲ್ಲಿ ಮಲಗಿದ್ದವರಿಗೆ ಕಷ್ಟ ಬಂದ್ರೆ ಅದು ಬರೀ ಕಷ್ಟ. ಊರು ಬಿಟ್ಟು ಬಂದವರಿಗೆ ಕಷ್ಟ ಬಂದ್ರೆ ಮೊದಲು ಒಂದು ವಿಚಾರಣೆ ನಡೆಯುತ್ತೆ. ಯಾಕೆ ಬಂದ್ರಿ, ಯಾರು ಕರೆದ್ರು, ಎಷ್ಟು ದಿನ ಇರ್ತೀರಿ? ಇದಕ್ಕೆಲ್ಲ ಸರಿಯಾದ ಉತ್ತರ ಕೊಟ್ಟ ಮೇಲೇ ಕರುಣೆ.

3/10

ಈಗ ನನ್ನ ತಪ್ಪು ಹೇಳ್ತೀನಿ. ಈ ಫೋಟೋ ಬೇಕಂತಲೇ ಖಾಲಿ ಬಿಟ್ಟಿದ್ದೇನೆ. ಇಲ್ಲಿ ಒಂದು ಪೋಸ್ಟರ್ ಇರಬೇಕಿತ್ತು.

ಮೊದಲ ಒಂದೂವರೆ ದಿನ ಡಬ್ಬದಲ್ಲಿ, ಖಾತೆಯಲ್ಲಿ ಸೇರಿ ಬಂದದ್ದು ₹640. ನನಗೆ ಅವಮಾನ ಆದ ಹಾಗೆ ಆಯ್ತು. ಆ ‘ಉತ್ತರ ಕರ್ನಾಟಕ’ದ ಮಾತು ತಲೆಯಲ್ಲಿ ಕೂತಿತ್ತು. ಹತ್ತೊಂಬತ್ತು ಮಕ್ಕಳಲ್ಲಿ ಏಳು ಮಕ್ಕಳು ಯಾದಗಿರಿ, ರಾಯಚೂರು ಕಡೆಯವರೇ. ಉಳಿದ ಹನ್ನೆರಡು ಜಾರ್ಖಂಡ್, ಒಡಿಶಾ, ಪಶ್ಚಿಮ ಬಂಗಾಳದವರು. ನಾನು ಮಧ್ಯಾಹ್ನ ಓಡಿಹೋಗಿ ಯಾದಗಿರಿಯ ಒಂದು ಹುಡುಗಿಯ ಫೋಟೋ ತೆಗೆದೆ. ಸ್ಲೇಟ್ ಮೇಲೆ ಅ, ಆ, ಇ, ಈ. ಮುಖದಲ್ಲಿ ಒಳ್ಳೇ ನಗು. ಕೆಳಗೆ ಊರಿನ ಹೆಸರು ದಪ್ಪಕ್ಷರದಲ್ಲಿ. ಪ್ರಿಂಟ್ ತೆಗೆಸಿ ಟೇಬಲ್‌ಗೆ ಅಂಟಿಸಿದೆ.

ಉಳಿದ ಒಂದೂವರೆ ದಿನದಲ್ಲಿ ₹2,510 ಬಂತು. ಹೆಚ್ಚೂಕಡಿಮೆ ನಾಲ್ಕು ಪಟ್ಟು.

ನನಗೆ ಖುಷಿ ಆಯ್ತು. ದುಡ್ಡು ಕೊಡೋಕೆ ಹೋದಾಗ ಪೋಸ್ಟರ್ ಕೂಡ ತೋರಿಸಿದೆ. ಟೀಚರ್ ಸ್ವಲ್ಪ ಹೊತ್ತು ನೋಡಿ ಕೇಳಿದ್ರು, “ಚೆನ್ನಾಗಿದೆ. ಉಳಿದ ಹನ್ನೆರಡು ಮಕ್ಕಳ ಫೋಟೋ ಯಾಕೆ ಹಾಕ್ಲಿಲ್ಲ?”

ನನ್ನ ಹತ್ರ ಉತ್ತರ ಇರಲಿಲ್ಲ. ಇತ್ತು, ಆದರೆ ಬಾಯಲ್ಲಿ ಹೇಳೋ ಹಾಗಿರಲಿಲ್ಲ. ಅವರನ್ನ ತೋರಿಸಿದ್ರೆ ದುಡ್ಡು ಬರಲ್ಲ ಅಂತ ನನಗೆ ಗೊತ್ತಿತ್ತು. ಅಂದ್ರೆ ಟೇಬಲ್ ಎದುರು ನಿಂತವರು ಬಾಯಿಬಿಟ್ಟು ಕೇಳಿದ್ದನ್ನೇ ನಾನು ಟೇಬಲ್ ಹಿಂದೆ ಕೂತು ಒಪ್ಪಿಕೊಂಡು ಕೆಲಸ ಮಾಡಿದ್ದೆ. ಇನ್ನೊಂದು ವಿಷಯ. ಆ ಹುಡುಗಿಯ ಅಮ್ಮನ ಹತ್ರ “ಫೋಟೋ ತೆಗೀಲಾ ಅಕ್ಕ” ಅಂತ ಕೇಳಿದ್ದೆ, ಅವರು ತಲೆಯಾಡಿಸಿದ್ರು. ಕಾಲೇಜಲ್ಲಿ ಅಂಟಿಸ್ತೀನಿ ಅಂತ ಹೇಳಿರಲಿಲ್ಲ.

ಪೋಸ್ಟರ್ ಹರಿದು ಹಾಕಿದೆ. ಈ ಸರಣಿಯ ಹತ್ತು ಫೋಟೋಗಳಲ್ಲಿ ಯಾವ ಮಗುವಿನ ಮುಖವೂ ಇಲ್ಲ. ಕಾರಣ ಇದೇ.

4/10

ಒಂದು ಮುಖಕ್ಕೆ ದುಡ್ಡು ಯಾಕೆ ಬರುತ್ತೆ ಅಂತ ಆಮೇಲೆ ಹುಡುಕಿ ಓದಿದೆ. ಇದನ್ನ ಲ್ಯಾಬ್‌ನಲ್ಲೇ ಅಳೆದಿದ್ದಾರೆ.

2007ರಲ್ಲಿ ಸ್ಮಾಲ್, ಲೋವೆನ್‌ಸ್ಟೀನ್, ಸ್ಲೋವಿಕ್ ಅನ್ನೋ ಮೂವರು ಅಮೆರಿಕದ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದ್ರು. ಜನರಿಗೆ ಒಂದು ಸರ್ವೇ ತುಂಬಿದ್ದಕ್ಕೆ 5 ಡಾಲರ್ ಕೊಟ್ಟು, ಅದರಲ್ಲಿ ಎಷ್ಟು ದಾನ ಮಾಡ್ತೀರಿ ಅಂತ ಕೇಳೋದು. ಕೆಲವರಿಗೆ ಆಫ್ರಿಕಾದಲ್ಲಿ ಲಕ್ಷಾಂತರ ಜನ ಹಸಿದಿದ್ದಾರೆ ಅನ್ನೋ ಅಂಕಿ-ಅಂಶ ತೋರಿಸಿದ್ರು. ಅವರು ಸರಾಸರಿ 1.14 ಡಾಲರ್ ಕೊಟ್ರು. ಕೆಲವರಿಗೆ ಮಾಲಿ ದೇಶದ ರೋಕಿಯಾ ಅನ್ನೋ ಏಳು ವರ್ಷದ ಹುಡುಗಿಯ ಕಥೆ ಮಾತ್ರ ತೋರಿಸಿದ್ರು. ಅವರು 2.38 ಡಾಲರ್ ಕೊಟ್ರು. ಹುಡುಗಿಯ ಕಥೆಯನ್ನೂ ಅಂಕಿ-ಅಂಶವನ್ನೂ ಒಟ್ಟಿಗೆ ತೋರಿಸಿದವರಿಗೆ? 1.43 ಡಾಲರ್. ಹುಡುಗಿಯ ಪಕ್ಕ ಲಕ್ಷಾಂತರ ಜನ ಬಂದು ನಿಂತ ಕೂಡಲೇ ಕೈ ಹಿಂದೆ ಹೋಯ್ತು.

ಲ್ಯಾಬ್ ಆಚೆಗೂ ಇದೇ ಕಥೆ. 2015ರ ಸೆಪ್ಟೆಂಬರ್ 2ರಂದು ಟರ್ಕಿಯ ಬೋಡ್ರಮ್ ಹತ್ತಿರ ಆಲನ್ ಕುರ್ದಿ ಅನ್ನೋ ಸಿರಿಯಾದ ಪುಟ್ಟ ಮಗುವಿನ ದೇಹ ಸಮುದ್ರದ ದಂಡೆಗೆ ಬಂತು. ಆ ಫೋಟೋ ನೀವೂ ನೋಡಿರ್ತೀರಿ. ಕೆಂಪು ಟೀ ಶರ್ಟ್, ಮಲಗಿದ ಹಾಗೆ. ಸಿರಿಯಾದ ಯುದ್ಧ ಆಗಲೇ ನಾಲ್ಕು ವರ್ಷ ನಡೆದಿತ್ತು, ಸತ್ತವರ ಸಂಖ್ಯೆ ಲಕ್ಷಗಳಲ್ಲಿತ್ತು. ಆ ಸಂಖ್ಯೆ ಮಾಡದ್ದನ್ನ ಒಂದು ಫೋಟೋ ಮಾಡ್ತು. ಸ್ವೀಡನ್‌ನ ರೆಡ್ ಕ್ರಾಸ್‌ಗೆ ಸಿರಿಯಾ ನಿರಾಶ್ರಿತರಿಗಾಗಿ ದಿನಕ್ಕೆ ಬರ್ತಿದ್ದ ದೇಣಿಗೆಗಳ ಸಂಖ್ಯೆ ಒಂದೇ ವಾರದಲ್ಲಿ ನೂರು ಪಟ್ಟಿಗೂ ಜಾಸ್ತಿ ಆಯ್ತು.

ಎರಡನೇ ವಾರದಿಂದ ಇಳಿಯೋಕೆ ಶುರು.

ಇದನ್ನ ಲೆಕ್ಕ ಹಾಕಿದ್ದೂ ಸ್ಲೋವಿಕ್ ಮತ್ತು ಅವರ ಜೊತೆಗಾರರೇ, 2017ರಲ್ಲಿ. ಅದರಲ್ಲೇ ಇನ್ನೊಂದು ವಿಷಯ ಇದೆ, ಅದನ್ನ ಕೊನೆಗೆ ಹೇಳ್ತೀನಿ. ಈ ಸರಣಿಯ ಮುಖ್ಯ ಮಾತು ಅದರಲ್ಲೇ ಇದೆ.

5/10

ಮುಖ ತೋರಿಸಿ ದುಡ್ಡು ಕೂಡಿಸೋದರಲ್ಲಿ ಇನ್ನೊಂದು ತೊಂದರೆ. ಮುಖವೇ ಸುದ್ದಿ ಆಗುತ್ತೆ, ಸುದ್ದಿಯಲ್ಲಿ ತಪ್ಪಾದ್ರೆ ಕೆಲಸವೇ ಅನುಮಾನಕ್ಕೆ ಬೀಳುತ್ತೆ.

2018ರ ಜೂನ್‌ನಲ್ಲಿ ಅಮೆರಿಕದ ಗಡಿಯಲ್ಲಿ ವಲಸೆ ಬಂದ ಅಪ್ಪ-ಅಮ್ಮಂದಿರಿಂದ ಮಕ್ಕಳನ್ನ ಬೇರೆ ಮಾಡ್ತಿದ್ರು. ಅದೇ ಸಮಯಕ್ಕೆ ಹೊಂಡುರಾಸ್‌ನ ಪುಟ್ಟ ಹುಡುಗಿಯೊಬ್ಬಳು ಅಳ್ತಾ ನಿಂತ ಫೋಟೋ ಜಗತ್ತೆಲ್ಲ ಹರಡಿತು. ಅದನ್ನ ನೋಡಿದ ಕ್ಯಾಲಿಫೋರ್ನಿಯಾದ ಒಂದು ದಂಪತಿ, ಒಬ್ಬ ತಂದೆಯನ್ನೋ ತಾಯಿಯನ್ನೋ ಜಾಮೀನಿನ ಮೇಲೆ ಬಿಡಿಸೋಣ ಅಂತ ಫೇಸ್‌ಬುಕ್‌ನಲ್ಲಿ 1,500 ಡಾಲರ್‌ಗೆ ಮನವಿ ಹಾಕಿದ್ರು. ವಲಸಿಗರಿಗೆ ವಕೀಲರ ನೆರವು ಕೊಡೋ ರೈಸಿಸ್ ಅನ್ನೋ ಟೆಕ್ಸಸ್‌ನ ಸಂಸ್ಥೆಗೆ. ಕೆಲವೇ ದಿನದಲ್ಲಿ ಬಂದದ್ದು 2 ಕೋಟಿ ಡಾಲರ್!

ಆಮೇಲೆ ಗೊತ್ತಾಯ್ತು, ಫೋಟೋದಲ್ಲಿದ್ದ ಆ ಹುಡುಗಿಯನ್ನ ಅಮ್ಮನಿಂದ ಬೇರೆ ಮಾಡಿರಲಿಲ್ಲ. ಬೇರೆ ಮಾಡಿದ ಮಕ್ಕಳು ಸಾವಿರಾರು ಇದ್ದರು, ಅದು ಸತ್ಯ. ಆದರೆ ‘ಎಲ್ಲಾ ಸುಳ್ಳು’ ಅನ್ನೋಕೆ ಕಾಯ್ತಿದ್ದವರಿಗೆ ಆ ಒಂದು ಫೋಟೋ ಸಾಕಾಯ್ತು.

ನಮ್ಮಲ್ಲೂ ಇಂಥ ಅಲೆ ಬಂದಿತ್ತು. 2020ರ ಲಾಕ್‌ಡೌನ್. ನಾವೆಲ್ಲ ಆಗ ಹೈಸ್ಕೂಲು, ಮನೆಯಲ್ಲಿ ಕೂತು ಆನ್‌ಲೈನ್ ಕ್ಲಾಸ್. ಟಿವಿಯಲ್ಲಿ ಗಂಟುಮೂಟೆ ಹೊತ್ತು ನಡೆಯೋ ಜನ. ಎಷ್ಟೋ ಮನೆಗಳಲ್ಲಿ ಚಪಾತಿ ಮಾಡಿ ಪ್ಯಾಕೆಟ್ ಕಟ್ಟಿ ಕೊಟ್ರು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನ ಹಳೇ ವಿದ್ಯಾರ್ಥಿಗಳು ಚಂದಾ ಎತ್ತಿ, ಮೇ 28ರಂದು ನೂರೆಪ್ಪತ್ತಕ್ಕೂ ಹೆಚ್ಚು ಕಾರ್ಮಿಕರನ್ನ ಮುಂಬೈನಿಂದ ರಾಂಚಿಗೆ ವಿಮಾನದಲ್ಲೇ ಕಳಿಸಿದ್ರು. ಅವರಲ್ಲಿ ತುಂಬಾ ಜನಕ್ಕೆ ಅದೇ ಮೊದಲ ವಿಮಾನ.

ಆ ಜನ ಮತ್ತೆ ಬಂದಿದ್ದಾರೆ. ನಮ್ಮ ಕಾಲೇಜಿನ ಹೊಸ ಬ್ಲಾಕ್ ಕಟ್ಟಿದ್ದೂ ಅಂಥವರೇ. ಅವರು ಹೊರಟಾಗ ಅತ್ತವರು ನಾವು. ವಾಪಸ್ ಬಂದಾಗ ಆಧಾರ್ ಕೇಳೋರೂ ನಾವೇ.

6/10

ಈ ಫೋಟೋ ಮಲ್ಪೆ ಬಂದರು, ಬೆಳಿಗ್ಗೆ ಆರು ಗಂಟೆ. ಇಲ್ಲಿನ ಬೋಟ್‌ಗಳಲ್ಲಿ ಈಗ ಒಡಿಶಾ, ಜಾರ್ಖಂಡ್‌ನವರೂ ಕೆಲಸ ಮಾಡ್ತಾರೆ. ಬೋಟ್ ಮಗುಚಿದ್ರೆ ಪಕ್ಕದ ಬೋಟಿನವರು ಯಾವ ರಾಜ್ಯ ಅಂತ ಕೇಳಿ ಹಗ್ಗ ಎಸೆಯೋದಿಲ್ಲ. ನೀರಲ್ಲಿ ಬಿದ್ದವನನ್ನ ಮೊದಲು ಮೇಲೆತ್ತೋದು, ಉಳಿದದ್ದು ದಡಕ್ಕೆ ಬಂದ ಮೇಲೆ. ಕಡಲಿನವರಿಗೆ ಇದನ್ನ ಯಾರೂ ಹೇಳಿಕೊಡಬೇಕಾಗಿಲ್ಲ.

ಬ್ರಿಟನ್‌ನಲ್ಲೂ ಈ ಕಡಲಿನ ನಿಯಮವನ್ನೇ ನಂಬಿ ನಡೆಯೋ ಒಂದು ಸಂಸ್ಥೆ ಇದೆ, ಆರ್‌ಎನ್‌ಎಲ್‌ಐ. 1824ರಲ್ಲಿ ಶುರುವಾದದ್ದು. ಸಮುದ್ರದಲ್ಲಿ ಸಿಕ್ಕಿಬಿದ್ದವರನ್ನ ಲೈಫ್‌ಬೋಟ್‌ನಲ್ಲಿ ಹೋಗಿ ಕಾಪಾಡ್ತಾರೆ. ನಡೆಯೋದು ಹೆಚ್ಚಾಗಿ ಜನರ ದೇಣಿಗೆಯಿಂದ, ಬೋಟ್ ಹತ್ತೋರಲ್ಲಿ ಹೆಚ್ಚಿನವರು ಸ್ವಯಂಸೇವಕರು. ಫ್ರಾನ್ಸ್ ಕಡೆಯಿಂದ ರಬ್ಬರ್ ದೋಣಿಗಳಲ್ಲಿ ವಲಸಿಗರು ಬರೋಕೆ ಶುರುವಾದಾಗ ಅವರನ್ನೂ ಕಾಪಾಡಿದ್ರು. 2021ರ ಜುಲೈನಲ್ಲಿ ನೈಜೆಲ್ ಫರಾಜ್ ಅನ್ನೋ ರಾಜಕಾರಣಿ, ಇದು ವಲಸಿಗರಿಗೆ ಟ್ಯಾಕ್ಸಿ ಸರ್ವಿಸ್ ಆಗಿದೆ ಅಂತ ಟೀಕೆ ಮಾಡಿದ. ಸಂಸ್ಥೆಯವರು ಕ್ಷಮೆ ಕೇಳಲಿಲ್ಲ. ಕಡಲಲ್ಲಿ ಅಪಾಯದಲ್ಲಿರೋರು ಯಾರೇ ಆದ್ರೂ ಕಾಪಾಡ್ತೀವಿ ಅಂದ್ರು, ತಾವು ಮಾಡೋ ಕೆಲಸದ ವಿಡಿಯೋ ಹಾಕಿದ್ರು. ದಿನಕ್ಕೆ ಆರೇಳು ಸಾವಿರ ಪೌಂಡ್ ಆನ್‌ಲೈನ್ ದೇಣಿಗೆ ಬರೋ ಕಡೆ ಒಂದೇ ದಿನ 2 ಲಕ್ಷ ಪೌಂಡ್‌ಗೂ ಹೆಚ್ಚು ಬಂತು.

ಈ ಉದಾಹರಣೆ ನನಗೆ ಯಾಕೆ ಇಷ್ಟ ಅಂದ್ರೆ, ಇಲ್ಲಿ ಅಳೋ ಮಗುವಿನ ಫೋಟೋ ಇರಲಿಲ್ಲ. ದುಡ್ಡು ಕೊಟ್ಟವರಲ್ಲಿ ವಲಸೆ ಬಗ್ಗೆ ಎಲ್ಲರ ಅಭಿಪ್ರಾಯ ಒಂದೇ ಇರಬೇಕು ಅಂತೇನೂ ಇಲ್ಲ. ಗಡಿ ಬಿಗಿ ಇರಬೇಕು ಅನ್ನೋರೂ ಕೊಟ್ಟಿರಬಹುದು. ಮುಳುಗೋನನ್ನ ಎತ್ತಬೇಕು ಅನ್ನೋ ನಿಯಮಕ್ಕೆ ಕೊಟ್ಟ ದುಡ್ಡು ಅದು.

ಆ ಪೋಸ್ಟರ್‌ನಲ್ಲಿ ಇರಬೇಕಾಗಿದ್ದದ್ದು ಹುಡುಗಿಯ ಊರಿನ ಹೆಸರಲ್ಲ. ‘ಶಾಲೆಗೆ ಹೋಗದ ಮಗು ನಮ್ಮ ಊರಲ್ಲಿ ಇರಬಾರದು’ ಅನ್ನೋ ಒಂದು ಸಾಲು.

7/10

ಈ ಫೋಟೋ ನನ್ನ ಅಜ್ಜನ ಕೈ. ಬೆರಳಿನ ಮೇಲಿನ ಕಲೆ ಬಿಸಿ ಎಣ್ಣೆಯದ್ದು, ಅರವತ್ತು ವರ್ಷ ಹಳೇದು.

ಕುಂದಾಪುರ ಕಡೆಯ ಹಳ್ಳಿಯಿಂದ ಅಜ್ಜ ಹದಿಮೂರನೇ ವಯಸ್ಸಿಗೆ ಮುಂಬೈಗೆ ಹೋದ್ರು. ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಇದೇ ಕಥೆ ಇದೆ. ಹೋಟೆಲಲ್ಲಿ ಹಗಲು ತಟ್ಟೆ ತೊಳೆಯೋದು, ಟೇಬಲ್ ಒರೆಸೋದು. ರಾತ್ರಿ ಕನ್ನಡ ರಾತ್ರಿಶಾಲೆ. ಮುಂಬೈಯಲ್ಲಿ ಇಂಥ ಶಾಲೆಗಳು ಹಲವು ಇದ್ದವು, ಹೋಟೆಲ್ ಹುಡುಗರು ಅಲ್ಲೇ ಓದಿ ಎಸ್ಸೆಸ್ಸೆಲ್ಸಿ ಮಾಡಿದ್ರು. ಕೆಲವರು ಕಾಲೇಜಿಗೂ ಹೋದ್ರು, ಬ್ಯಾಂಕ್ ಸೇರಿದ್ರು. ಅಜ್ಜನೂ ಹಾಗೇ ಓದಿದ್ದು. “ಪುಸ್ತಕ ಯಾರ್ ಕೊಟ್ಟದ್ ಅಂದ್ ನಂಗ್ ಇವತ್ತಿಗೂ ಗೊತ್ತಿಲ್ಲೆ” ಅಂತಾರೆ.

ಇದನ್ನ ಹೇಳಿ ‘ನೋಡಿ, ನಾವೂ ವಲಸಿಗರೇ, ಆದ್ದರಿಂದ ಕೊಡಿ’ ಅಂತ ಮುಗಿಸೋದು ಸುಲಭ. ಆದರೆ ನಾನು ಸ್ವಲ್ಪ ಪ್ರಾಮಾಣಿಕವಾಗಿ ಯೋಚಿಸಿದೆ. ಆ ರಾತ್ರಿಶಾಲೆ ನಡೆಸ್ತಿದ್ದವರು ಯಾರು? ಹೆಚ್ಚಾಗಿ ನಮ್ಮವರೇ. ಮುಂಬೈಯಲ್ಲಿ ಮೊದಲೇ ನೆಲೆ ಕಂಡಿದ್ದ ಕನ್ನಡಿಗರು, ತುಳುವರು, ಹೋಟೆಲ್ ಮಾಲೀಕರು, ಜಾತಿ ಸಂಘಗಳು. ಅಂದ್ರೆ ಅಜ್ಜನಿಗೆ ಸಹಾಯ ಮಾಡಿದವರೂ ‘ನಮ್ಮ ಹುಡುಗ’ ಅಂತಲೇ ಮಾಡಿದ್ದು. ನಮ್ಮ ಟೇಬಲ್ ಮುಂದೆ “ನಮ್ಮ ಮಕ್ಕಳಿಗೆ ಕೊಡಿ” ಅಂದವನಿಗಿಂತ ಅದು ತೀರಾ ಬೇರೆ ಏನಲ್ಲ.

ಹಾಗಿದ್ರೆ ವ್ಯತ್ಯಾಸ ಎಲ್ಲಿದೆ? ಇಲ್ಲಿದೆ. ಅಜ್ಜನಿಗೆ ಮುಂಬೈಯಲ್ಲಿ ಸಂಘ ಇತ್ತು. ಜಾರ್ಖಂಡಿನ ಹುಡುಗನಿಗೆ ಈ ಊರಲ್ಲಿ ಯಾವ ಸಂಘವೂ ಇಲ್ಲ. ಹೋಟೆಲ್ ಮಾಲೀಕ ಆಗಿರೋ ಊರಿನ ಅಣ್ಣ ಇಲ್ಲ, ಸಮಾಜ ಭವನ ಇಲ್ಲ, ತನ್ನ ಭಾಷೆಯ ರಾತ್ರಿಶಾಲೆ ಇಲ್ಲ. ಅವನ ಜೊತೆ ಬಂದವರೆಲ್ಲ ಅವನಷ್ಟೇ ಬಡವರು. ‘ಅವರವರು ಅವರವರಿಗೆ ಕೊಡಲಿ’ ಅಂದ್ರೆ, ಅವನ ಮಟ್ಟಿಗೆ ಅದರ ಅರ್ಥ ಯಾರೂ ಕೊಡೋದು ಬೇಡ ಅಂತ.

ತನ್ನವರು ಅನ್ನೋರೇ ಇಲ್ಲದ ಕಡೆ ಬಂದು ನಿಂತವನಿಗೆ ಆ ಊರಿನವರೇ ಆಗಬೇಕು. ಬೇರೆ ಯಾರಿದ್ದಾರೆ?

8/10

ಈಗ ನಿಮ್ಮ ಆಕ್ಷೇಪಗಳು. ಎರಡನ್ನ ನಾನು ಗೌರವದಿಂದಲೇ ತಗೊಳ್ತೀನಿ.

ಒಂದು: “ನಮ್ಮವರಿಗೇ ಇಲ್ಲ, ಇನ್ನು ಅವರಿಗೆಲ್ಲಿಂದ?”

ಹೀಗಂದವರಲ್ಲಿ ಒಬ್ಬ ನನ್ನ ಕ್ಲಾಸಿನವನೇ. ಅವನು ತನ್ನ ಊರಿನ ಸರ್ಕಾರಿ ಶಾಲೆಗೆ ಪ್ರತಿ ತಿಂಗಳು ₹200 ಕಳಿಸ್ತಾನೆ, ಪಾರ್ಟ್‌ಟೈಮ್ ಕೆಲಸದ ದುಡ್ಡಲ್ಲಿ. ಅವನ ಮೇಲೆ ನನಗೆ ಸಿಟ್ಟಿಲ್ಲ. ತನ್ನ ಶಾಲೆಗೆ ಕೊಡೋದು ಅವನ ಹಕ್ಕು. ಆದರೆ ‘ಇವರಿಗೆ ಕೊಡಬೇಡಿ’ ಅಂತ ಉಳಿದವರಿಗೆ ಹೇಳಿದ್ದು ಬೇರೆ ವಿಷಯ. ಅವತ್ತು ಟೇಬಲ್ ದಾಟಿ ಹೋದವರ ದುಡ್ಡು ಅವನ ಊರಿನ ಶಾಲೆಗೆ ಹೋಗಲಿಲ್ಲ. ಕ್ಯಾಂಟೀನಿಗೆ ಹೋಯ್ತು. ನಾನೂ ಎಷ್ಟೋ ಡಬ್ಬಗಳನ್ನ ಹೀಗೇ ದಾಟಿ ಹೋಗಿದ್ದೇನೆ.

ಮತ್ತೆ ಈ ‘ನಮ್ಮವರು’ ಅನ್ನೋ ಗೆರೆ ಎಲ್ಲಿ ಎಳೀತೀರಿ? ಯಾದಗಿರಿಯವರು ಟೇಬಲ್ ಮುಂದೆ ‘ನಮ್ಮ ಉತ್ತರ ಕರ್ನಾಟಕದವರು’. ಅದೇ ಜನ ನಮ್ಮ ಬೀದಿಯಲ್ಲಿ ಬಾಡಿಗೆ ಮನೆ ಕೇಳಿದ್ರೆ ‘ಘಟ್ಟದವರು’. ಆ ಮಾತನ್ನ ನಾವು ಯಾವ ದನಿಯಲ್ಲಿ ಹೇಳ್ತೀವಿ ಅಂತ ಕರಾವಳಿಯವರಿಗೆ ಗೊತ್ತು. ಗೋವಾಕ್ಕೆ ಕೆಲಸಕ್ಕೆ ಹೋದ ಕನ್ನಡಿಗರನ್ನ ಅಲ್ಲಿ ‘ಘಾಂಟಿ’ ಅಂತಾರೆ. ವಾಸ್ಕೋದ ಬೈನಾ ಬೀಚಿನಲ್ಲಿ ಕನ್ನಡಿಗರ ಮನೆಗಳನ್ನ ಕೆಡವಿದಾಗ ನಮಗೆಲ್ಲ ಸಿಟ್ಟು ಬಂದಿತ್ತು, ಬರಬೇಕಾದ್ದೇ. ಹೊರಗೆ ಹೋದ ನಮ್ಮವರಿಗೆ ಏನು ಸಿಗಬೇಕು ಅಂತ ಬಯಸ್ತೀವೋ, ಒಳಗೆ ಬಂದವರಿಗೂ ಅದು ಸಿಗಬೇಕು.

ಎರಡು: “ಮೋಸ ಜಾಸ್ತಿ, ಯಾರನ್ನ ನಂಬೋದು?”

ನೂರಕ್ಕೆ ನೂರು ಸರಿ. ಕೇಳಿ. ಖಾತೆ ಸಂಸ್ಥೆಯ ಹೆಸರಲ್ಲಿ ಇದೆಯಾ, ಯಾರದೋ ಸ್ವಂತ ಫೋನ್ ನಂಬರ್‌ಗೆ ಹಾಕಿ ಅಂತಾರಾ? ರಸೀದಿ ಕೊಡ್ತಾರಾ? 80ಜಿ ನೋಂದಣಿ ಇದೆಯಾ? ಕಳೆದ ವರ್ಷದ ಲೆಕ್ಕ ತೋರಿಸ್ತಾರಾ? ಆದರೆ ವಯನಾಡು, ಗೋಶಾಲೆ, ಗಣೇಶೋತ್ಸವ, ಶೆಡ್ಡಿನ ಶಾಲೆ, ಎಲ್ಲಾ ಕಡೆ ಇದೇ ಪ್ರಶ್ನೆಗಳನ್ನ ಕೇಳಿ. ಒಂದು ಡಬ್ಬಕ್ಕೆ ಮಾತ್ರ ಅನುಮಾನ ಬಂದ್ರೆ ಅದು ಲೆಕ್ಕದ ಅನುಮಾನ ಅಲ್ಲ.

9/10

ಮೂರನೇ ಆಕ್ಷೇಪ ಎಲ್ಲಕ್ಕಿಂತ ಗಟ್ಟಿ. “ಇದು ಸರ್ಕಾರದ ಕೆಲಸ, ಬಿಲ್ಡರ್ ಕೆಲಸ. ನಾವ್ಯಾಕೆ ಕೊಡಬೇಕು?”

ಹೌದು, ಅವರದ್ದೇ ಕೆಲಸ. ಕಾನೂನೂ ಇದೆ. 1979ರಲ್ಲೇ ಅಂತರರಾಜ್ಯ ವಲಸೆ ಕಾರ್ಮಿಕರಿಗೆ ಅಂತ ಒಂದು ಕಾಯ್ದೆ ಆಗಿತ್ತು. 1996ರ ಕಾಯ್ದೆಗಳಿಂದ ಶುರುವಾದ ಪದ್ಧತಿಯಂತೆ ಕಟ್ಟಡದ ವೆಚ್ಚದ ಮೇಲೆ ಸೆಸ್ ವಸೂಲಿ ಮಾಡ್ತಾರೆ, ಸಾಮಾನ್ಯವಾಗಿ 1 ಪರ್ಸೆಂಟ್. ಅದು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುತ್ತೆ. ನಾವು ಓದೋ ಬ್ಲಾಕ್ ಕಟ್ಟಿದಾಗಲೂ ಕೊಡಬೇಕಾದ ಹಣ ಅದು. ಅದರಿಂದ ಹೆರಿಗೆಗೆ, ಮಕ್ಕಳ ಓದಿಗೆ, ಅಪಘಾತಕ್ಕೆ ನೆರವು ಸಿಗಬೇಕು.

ಸಿಗಬೇಕಾದ್ರೆ ಕಾರ್ಮಿಕರ ಕಾರ್ಡ್ ಬೇಕು. ಕಾರ್ಡ್ ಬೇಕಾದ್ರೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ಪುರಾವೆ ಬೇಕು. ಮೂರು ತಿಂಗಳಿಗೊಂದು ಸೈಟ್, ಕಂಟ್ರಾಕ್ಟರ್ ಕೆಳಗೆ ಇನ್ನೊಬ್ಬ ಕಂಟ್ರಾಕ್ಟರ್. ಆ ಸಹಿ ಯಾರು ಹಾಕ್ತಾರೆ? ಅರ್ಜಿ ಯಾರು ತುಂಬ್ತಾರೆ? ಲಾಕ್‌ಡೌನ್‌ನಲ್ಲಿ ಸರ್ಕಾರ ನೋಂದಣಿ ಆದ ಕಟ್ಟಡ ಕಾರ್ಮಿಕರ ಖಾತೆಗೆ ದುಡ್ಡು ಹಾಕಿತು. ಕಾರ್ಡ್ ಇಲ್ಲದವರು ನಡೆದುಕೊಂಡು ಹೋದ್ರು.

ಮಕ್ಕಳ ವಿಷಯವೂ ಹೀಗೇ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ವಯಸ್ಸಿನ ದಾಖಲೆ ಇಲ್ಲ ಅಂತಲೋ, ವರ್ಷದ ಮಧ್ಯೆ ಬಂದ್ರಿ ಅಂತಲೋ ಮಗುವನ್ನ ಶಾಲೆಯಿಂದ ವಾಪಸ್ ಕಳಿಸೋ ಹಾಗಿಲ್ಲ. ಆದರೆ ಹೆಡ್‌ಮಾಸ್ಟರ್ ರೂಮಿಗೆ ಹೋಗಿ ಅದನ್ನ ಕನ್ನಡದಲ್ಲಿ ಹೇಳೋಕೆ ಒಬ್ಬರು ಬೇಕಲ್ಲ?

ಆ ಒಬ್ಬರು ಈ ಸಂಜೆ ಶಾಲೆಯ ಟೀಚರ್. ಹೋದ ವರ್ಷ ನಾಲ್ಕು ಮಕ್ಕಳನ್ನ ಅವರೇ ಕೈಹಿಡಿದು ಸರ್ಕಾರಿ ಶಾಲೆಗೆ ಸೇರಿಸಿದ್ರು. ಆರು ಜನರ ಕಾರ್ಡಿಗೆ ಅರ್ಜಿ ಹಾಕಿಸಿದ್ರು. ಫೋಟೋದಲ್ಲಿ ಇರೋ ಹಳೇ ಪ್ಲಾಸ್ಟಿಕ್ ಫೈಲ್ ಅವರದ್ದೇ.

ನಮ್ಮ ದುಡ್ಡು ಸರ್ಕಾರದ ದುಡ್ಡಿನ ಬದಲಿಗೆ ಅಲ್ಲ. ಕೋಟಿಗಟ್ಟಲೆ ಇರೋ ಆ ಹಣದ ಬಾಗಿಲು ತಟ್ಟೋಕೆ ಹೋಗೋ ಒಬ್ಬರ ಬಸ್ ಚಾರ್ಜು, ಸಂಬಳ. ಕಂಬಳಿ, ಬಿಸ್ಕತ್ ಪ್ಯಾಕೆಟ್ ಕೊಟ್ಟು ಫೋಟೋ ತೆಗೆಸಿಕೊಳ್ಳೋದಕ್ಕಿಂತ ಇದು ನೂರು ಪಾಲು ಮೇಲು.

10/10

ನಾಲ್ಕನೇ ಪೋಸ್ಟ್‌ನಲ್ಲಿ ಒಂದು ವಿಷಯ ಬಾಕಿ ಇಟ್ಟಿದ್ದೆ, ನೆನಪಿದೆಯಾ?

ಆಲನ್ ಕುರ್ದಿ ಫೋಟೋ ಬಂದ ಮೇಲೆ ಸ್ವೀಡನ್‌ನಲ್ಲಿ ದೇಣಿಗೆ ಏರಿತು, ಆಮೇಲೆ ಇಳೀತು ಅಂದೆ. ಆದರೆ ಆ ತಿಂಗಳು ಒಂದಷ್ಟು ಜನ ‘ಪ್ರತಿ ತಿಂಗಳು ಕೊಡ್ತೇವೆ’ ಅಂತ ಹೆಸರು ಬರೆಸಿದ್ರು. ಹಿಂದಿನ ತಿಂಗಳು ಹಾಗೆ ಬರೆಸಿದ್ದವರು ನೂರರ ಆಸುಪಾಸು, ಈ ತಿಂಗಳು ಸಾವಿರ ದಾಟಿತು. ಕೆಲವು ತಿಂಗಳಾದ ಮೇಲೆ ನೋಡಿದ್ರೆ, ಫೋಟೋ ಎಲ್ಲರಿಗೂ ಮರೆತುಹೋಗ್ತಾ ಇತ್ತು, ಅವರಲ್ಲಿ ಹೆಚ್ಚೂಕಡಿಮೆ ಎಲ್ಲರೂ ಇನ್ನೂ ಕೊಡ್ತಾನೇ ಇದ್ದರು.

ಕರುಣೆ ಎರಡು ವಾರ ಇರುತ್ತೆ. ತಿಂಗಳ ಮೊದಲನೇ ತಾರೀಖು ತಾನಾಗಿ ಕಟ್ ಆಗೋ ₹50ಕ್ಕೆ ಕರುಣೆ ಬೇಕಾಗಿಲ್ಲ, ಯಾವ ಮಗುವೂ ಅಳಬೇಕಾಗಿಲ್ಲ, ಊರಿನ ಹೆಸರೂ ಬೇಡ.

ಅದಕ್ಕೇ ಈ ಸಲ ನಾವು ಡಬ್ಬ ಇಡೋದಿಲ್ಲ. ಸೋಮವಾರದಿಂದ ಅದೇ ಟೇಬಲ್ ಮೇಲೆ ಒಂದು ಪುಸ್ತಕ ಇರುತ್ತೆ. ತಿಂಗಳಿಗೆ ₹50, ಒಂದು ಮಸಾಲೆ ದೋಸೆಯ ದುಡ್ಡು. ನೂರು ಜನ ಬರೆದ್ರೆ ₹5,000, ಟೀಚರ್ ಸಂಬಳದ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಆಗುತ್ತೆ. ದುಡ್ಡು ನೇರ ಸಂಸ್ಥೆಯ ಖಾತೆಗೆ, ರಸೀದಿ ನಿಮ್ಮ ಫೋನಿಗೆ, ಪ್ರತಿ ತಿಂಗಳ ಲೆಕ್ಕ ಇದೇ ಪೇಜ್‌ನಲ್ಲಿ. ಪೋಸ್ಟರ್‌ನಲ್ಲಿ ಬರೀ ಅಕ್ಷರ. ಹತ್ತೊಂಬತ್ತು ಮಕ್ಕಳ ಶಾಲೆ ಅಂತ ಬರೆದಿರ್ತೀವಿ, ಏಳು ಮಕ್ಕಳ ಶಾಲೆ ಅಂತ ಅಲ್ಲ. ಯಾವ ರಾಜ್ಯದವರು ಅಂತ ಕೇಳಿದ್ರೆ ಮುಚ್ಚುಮರೆ ಇಲ್ಲದೆ ನಾಲ್ಕೂ ರಾಜ್ಯದ ಹೆಸರು ಹೇಳ್ತೀವಿ. ಕೇಳಿ ವಾಪಸ್ ಹೋಗೋರು ಹೋಗಲಿ. ಈ ಸಲ ನಾನು ಪೋಸ್ಟರ್ ಬದಲಿಸಲ್ಲ.

ಇಲ್ಲಿವರೆಗೆ ಹನ್ನೊಂದು ಹೆಸರು ಆಗಿದೆ. ಮೊದಲನೇದು ನಮ್ಮ ಅಜ್ಜನದ್ದು, ಪೆನ್ಶನ್‌ನಿಂದ ₹100. ಪುಸ್ತಕ ತೋರಿಸಿದಾಗ ಅವರು ಮಕ್ಕಳ ಊರು ಕೇಳಲಿಲ್ಲ, ಭಾಷೆ ಕೇಳಲಿಲ್ಲ. ಕನ್ನಡಕ ಹಾಕ್ಕೊಂಡು ಹೆಸರು ಬರೀತಾ ಒಂದೇ ಒಂದು ಪ್ರಶ್ನೆ ಕೇಳಿದ್ರು.

“ಮಕ್ಳ್ ದಿನಾ ಬತ್ವಾ?”

ಬರ್ತಾರೆ ಅಜ್ಜ, ದಿನಾ ಬರ್ತಾರೆ. ಟೀಚರ್ ಇರೋವರೆಗೆ.

ಸೋಮವಾರ, ಕ್ಯಾಂಟೀನ್ ಎದುರು, ಮಧ್ಯಾಹ್ನ ಒಂದು ಗಂಟೆ. ಪ್ರಶ್ನೆ ತಗೊಂಡೇ ಬನ್ನಿ, ಆದರೆ ಅಜ್ಜ ಕೇಳಿದಂಥ ಪ್ರಶ್ನೆ.

#ಅದೇಟೇಬಲ್ #ಸಂಜೆಶಾಲೆ #ತಿಂಗಳಿಗೆಐವತ್ತು #ವಲಸೆ #ಕನ್ನಡಬರಹ #ನಮ್ಮೂರು